ಇಪ್ಪತ್ತು ವರ್ಷ ಹಳೆಯ ಫ್ಲಾಪಿಗಳಲ್ಲಿರುವ ನನ್ನ ಕಾದಂಬರಿಯನ್ನು ಉಳಿಸಿಕೊಳ್ಳುವುದು ಹೇಗೆ?

ಇನ್ನು ತಡಮಾಡಬೇಡಿ. ಫ್ಲಾಪಿಯ ಕಾಂತಲೇಪ ವರ್ಷಗಳು ಕಳೆದಂತೆ ಹಾಳಾಗುತ್ತದೆ. ಮೊದಲು ಅದರ ಮೂಲೆಯ ಪುಟ್ಟ ಗುಂಡಿ ಸರಿಸಿ ಕಿಂಡಿ ತೆರೆಯಿರಿ. ಆಗ ಅದರ ಮೇಲೆ ಏನೂ ಬರೆಯಲಾಗದು. ಯುಎಸ್‌ಬಿ ಫ್ಲಾಪಿ ಡ್ರೈವ್ ಜೋಡಿಸಿ ಕಡತಗಳನ್ನೆಲ್ಲ ನಕಲಿಸಿಕೊಳ್ಳಿ. ಫಾರ್ಮ್ಯಾಟ್ ಮಾಡಲೇ ಎಂದು ಕಂಪ್ಯೂಟರ್ ಕೇಳಿದರೆ ದಯವಿಟ್ಟು ಒಪ್ಪಬೇಡಿ. ಬೂಷ್ಟು ಹಿಡಿದಿದ್ದರೆ ಡ್ರೈವ್‌ಗೆ ಹಾಕದೆ ತಜ್ಞರಿಗೆ ಕೊಡಿ.

ಕನ್ನಡ ಬರಹಗಾರರಿಗೆ ನಿಜವಾದ ತೊಡಕು ಎದುರಾಗುವುದು ಇದಾದ ಮೇಲೆ. ಆ ಕಾಲದ ನುಡಿ, ಬರಹ ತಂತ್ರಾಂಶಗಳಲ್ಲಿ ಬೆರಳಚ್ಚಿಸಿದ ಪಠ್ಯ ಹೆಚ್ಚಾಗಿ ಯೂನಿಕೋಡ್‌ನಲ್ಲಿ, ಅಂದರೆ ಇಂದಿನ ಕಂಪ್ಯೂಟರ್‌ಗಳೆಲ್ಲ ಬಳಸುವ ಅಕ್ಷರ ಸಂಕೇತದಲ್ಲಿ, ಇರುವುದಿಲ್ಲ. ಈಗ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಕಡತ ಕೆಟ್ಟಿತೆಂದು ಎಷ್ಟೋ ಜನ ಇಲ್ಲಿಯೇ ಕೈಬಿಡುತ್ತಾರೆ, ಅದು ಸಂಕಟದ ವಿಷಯ. ಹಳೆಯ ಫಾಂಟ್ ಅಳವಡಿಸಿದರೆ ಬರಹ ಮತ್ತೆ ಕಾಣುತ್ತದೆ. ಪರಿವರ್ತಕ ತಂತ್ರಾಂಶದಿಂದ ಯೂನಿಕೋಡ್‌ಗೆ ಬದಲಿಸಿ, ಆಗ ತಪ್ಪಾಗಿರಬಹುದಾದ ಅರ್ಕಾವತ್ತು, ಒತ್ತಕ್ಷರಗಳನ್ನು ಸಾಲುಸಾಲಾಗಿ ತಿದ್ದಿ. ಮೂಲ ಕಡತವನ್ನು ಅಳಿಸಬೇಡಿ.

ಬಳಿಕ ಒಂದು ಪ್ರತಿ ಹಾರ್ಡ್ ಡಿಸ್ಕ್‌ನಲ್ಲಿ, ಇನ್ನೊಂದು ಕ್ಲೌಡ್‌ನಲ್ಲಿ, ಮತ್ತೊಂದು ಬೇರೆ ಊರಿನ ನೆಂಟರ ಮನೆಯಲ್ಲಿರಲಿ. ನಾನಾದರೆ ಕಾಗದದ ಮೇಲೂ ಒಂದು ಮುದ್ರಿಸಿ ಇಡುತ್ತೇನೆ.