ಹೊರಗಿನ ಹುಳು ತಂದು ಬಿಡುವ ಮೊದಲು

ಸರ್, ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಹುಲ್ಲುಗಾವಲು ಮೂರು ತುಂಡಾಗಿದೆ, ಮಧ್ಯದ ತುಂಡಲ್ಲಿ ಈಗಲೂ ನೂರರಷ್ಟು ಚಿಟ್ಟೆ ಹಾರುತ್ತಿವೆ, ಆದರೆ ಮೊಟ್ಟೆಗಳಲ್ಲಿ ಅರ್ಧ ಒಡೆಯುತ್ತಲೇ ಇಲ್ಲ, ತಮ್ಮತಮ್ಮಲ್ಲೇ ಕೂಡಿ ಕೂಡಿ ತಳಿ ಕೆಟ್ಟಿದೆಯೇನೋ ಅಂತ ಅನುಮಾನ, ಬೇರೆ ಕಡೆಯಿಂದ ಅದೇ ಜಾತಿಯ ಚಿಟ್ಟೆಯ ಹುಳು ತಂದು ಬಿಟ್ಟರೆ ಸರಿಹೋಗುತ್ತದಾ ಅಂತ ಕೇಳಿದ್ದೀರಿ. ಹೋಗಬಹುದು. ಆದರೆ ಈ ಸೀಸನ್‌ನಲ್ಲಿ ಮಾತ್ರ ಅದಕ್ಕೆ ಕೈ ಹಾಕಬೇಡಿ.

ಮೊದಲು ಮೊಟ್ಟೆಯನ್ನೇ ಲೆನ್ಸ್ ಹಿಡಿದು ನೋಡಿ, ಗಿಡದ ಮೇಲಿಂದ ಕೀಳದೆ. ಕಪ್ಪಾಗಿ ಹಾಗೇ ಉಳಿದು, ಆಮೇಲೆ ಸೂಜಿ ಚುಚ್ಚಿದಂಥ ದುಂಡು ತೂತು ಬಿದ್ದರೆ ಅದು ಬೇರೆ ಕೀಟದ ಮೊಟ್ಟೆಯೊಳಗೆ ತನ್ನ ಮೊಟ್ಟೆಯಿಡುವ ಪರಾವಲಂಬಿ ಕಣಜದ ಕೆಲಸ, ತಳಿಗೂ ಅದಕ್ಕೂ ಸಂಬಂಧವಿಲ್ಲ. ಬಣ್ಣವೇ ಬದಲಾಗದೆ ಕುಸಿದು ಒಣಗಿದ್ದರೆ ಬಹುಶಃ ಗಂಡು ಸಿಕ್ಕಿಲ್ಲ. ಬಣ್ಣ ತಿರುಗಿ, ಒಳಗೆ ಹುಳು ರೂಪುಗೊಂಡೂ ಹೊರಗೆ ಬಾರದೆ ಸತ್ತಿದ್ದರೆ ಮಾತ್ರ ನಿಮ್ಮ ಅನುಮಾನಕ್ಕೆ ಬಲ ಬರುತ್ತದೆ. ಅಕ್ಕಪಕ್ಕ ಯಾರಾದರೂ ಔಷಧಿ ಹೊಡೆದಿದ್ದಾರಾ ಅಂತಲೂ ವಿಚಾರಿಸಿ.

ಈಗ ಆ ನೂರರ ಲೆಕ್ಕ. ಹಾರುವುದು ನೂರಾದರೂ ಮುಂದಿನ ಪೀಳಿಗೆಗೆ ಸಮನಾಗಿ ಪಾಲು ಕೊಡುವವು ಅಷ್ಟಿರುವುದಿಲ್ಲ. ನೂರರಲ್ಲಿ 95 ಹೆಣ್ಣು, 5 ಗಂಡು ಅಂತಿಟ್ಟುಕೊಳ್ಳಿ. ಎರಡನ್ನೂ ಗುಣಿಸಿ, ಅದನ್ನು ನಾಲ್ಕರಿಂದ ಗುಣಿಸಿ, ಒಟ್ಟು ಸಂಖ್ಯೆಯಿಂದ ಭಾಗಿಸಿದರೆ ಬರುವುದು 19. ಹಾಗಿದ್ದರೆ ವಂಶವಾಹಿಗಳ ಮಟ್ಟಿಗೆ ನಿಮ್ಮ ನೂರು ಚಿಟ್ಟೆ ಹತ್ತೊಂಬತ್ತಕ್ಕೆ ಸಮ. ಇದನ್ನೇ ಪರಿಣಾಮಕಾರಿ ಸಂಖ್ಯೆ ಅನ್ನುವುದು. ಅದು 50 ಇದ್ದರೆ ಪೀಳಿಗೆಗೆ ಶೇ. 1ರಷ್ಟು ವಂಶವಾಹಿ ವೈವಿಧ್ಯ ಸೋರುತ್ತದೆ, 10ಕ್ಕೆ ಇಳಿದರೆ ಶೇ. 5ರಷ್ಟು. ಹಾಗೆ ಹತ್ತು ಪೀಳಿಗೆ ಕಳೆದರೆ ಉಳಿಯುವುದು ಮೊದಲಿದ್ದದ್ದರ ಶೇ. 60. ಆನೆಗೆ ಹತ್ತು ಪೀಳಿಗೆ ಅಂದರೆ ಶತಮಾನಗಳು. ವರ್ಷಕ್ಕೆ ನಾಲ್ಕೈದು ಸಲ ಮರಿ ಮಾಡುವ ಚಿಟ್ಟೆಗೆ ಎರಡು ಎರಡೂವರೆ ವರ್ಷ, ಅಷ್ಟೇ. ಅತ್ತ ತಾಯಿಯಿಂದ, ಇತ್ತ ತಂದೆಯಿಂದ ವಂಶವಾಹಿಯ ಒಂದೇ ಕೆಟ್ಟ ಪ್ರತಿ ಬಂದು ಸೇರುವುದು ಹೆಚ್ಚಾಗುತ್ತದೆ. ಅಲ್ಲಿಯವರೆಗೆ ಅಡಗಿದ್ದ ದೋಷ ಆಗ ಹೊರಬೀಳುತ್ತದೆ.

ಇದು ಬರೀ ಕಾಗದದ ಲೆಕ್ಕವಲ್ಲ. ಫಿನ್ಲೆಂಡಿನ ಓಲಾಂಡ್ ದ್ವೀಪಗಳಲ್ಲಿ ಪರಿಸರ ವಿಜ್ಞಾನಿ ಇಲ್ಕಾ ಹಾನ್ಸ್ಕಿ ತಂಡ ಗ್ಲಾನ್‌ವಿಲ್ ಫ್ರಿಟಿಲರಿ ಚಿಟ್ಟೆಯ ಬೆನ್ನು ಹತ್ತಿತ್ತು. ಅಲ್ಲಿ ಅದು ಚದುರಿದ ಸಣ್ಣ ಸಣ್ಣ ಹುಲ್ಲುಗಾವಲುಗಳಲ್ಲಿ ಬದುಕುತ್ತದೆ. 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 42 ಗುಂಪುಗಳ ವಂಶವಾಹಿ ನೋಡಿದ್ದರು. ಒಂದೇ ವರ್ಷದಲ್ಲಿ ಅವುಗಳಲ್ಲಿ 7 ಇಲ್ಲವಾದವು. ಗುಂಪು ಚಿಕ್ಕದು, ಒಂಟಿ ಎಂಬ ಕಾರಣಗಳನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, ವೈವಿಧ್ಯ ಕಡಿಮೆಯಿದ್ದ ಗುಂಪುಗಳೇ ಹೆಚ್ಚು ಅಳಿದಿದ್ದವು. ಮೊಟ್ಟೆ ಒಡೆಯುವುದು, ಹುಳು ಬದುಕುವುದು, ಚಿಟ್ಟೆಯ ಆಯುಷ್ಯ ಮೂರಕ್ಕೂ ಪೆಟ್ಟು ಬಿದ್ದಿತ್ತು. ನಿಮ್ಮ ಮೊಟ್ಟೆಗಳ ವಿಷಯ ಓದಿದಾಗ ನನಗೆ ನೆನಪಾದದ್ದು ಇದೇ.

ಇನ್ನೊಂದು ವಿಚಿತ್ರ ಕೇಳಿ. ಇಂಗ್ಲೆಂಡಿನ ವಿಕೆನ್ ಫೆನ್ ಎಂಬ ಜೌಗಿನಲ್ಲಿ ಒಂಟಿಯಾಗಿ ಉಳಿದು ಕೊನೆಗೆ ಅಳಿದ ಸ್ವಾಲೋಟೇಲ್ ಚಿಟ್ಟೆಗಳ ಸಂಗ್ರಹಾಲಯದ ಮಾದರಿಗಳನ್ನು ಅಳೆದಾಗ, ಅವುಗಳ ಎದೆಭಾಗ ಕಿರಿದಾಗಿತ್ತು. ಹಾರಾಟದ ಸ್ನಾಯು ಇರುವುದೇ ಅಲ್ಲಿ. ತುಂಡು ನೆಲದಿಂದ ದೂರ ಹಾರಿಹೋದವು ವಾಪಸ್ ಬರುವುದಿಲ್ಲ, ಮನೆ ಬಿಡದವುಗಳ ಸಂತತಿಯೇ ಉಳಿಯುತ್ತದೆ. ಹಾಗಾಗಿ ತುಂಡುಗಳ ನಡುವೆ ದಾರಿ ಮಾಡಿಕೊಡುವುದಿದ್ದರೆ ಬೇಗ ಮಾಡಬೇಕು. ತಡವಾದರೆ ಆ ದಾರಿಯಲ್ಲಿ ಹಾರುವ ಚಿಟ್ಟೆಯೇ ಇರುವುದಿಲ್ಲ.

ಈ ವರ್ಷ ನಿಮ್ಮ ಶ್ರಮ ಹೋಗಬೇಕಾದದ್ದು ತುಂಡುಗಳ ನಡುವಿನ ಜಾಗಕ್ಕೆ. ಒಂದು ತಪ್ಪು ಮಾತ್ರ ಮಾಡಬೇಡಿ: ಹಸಿರು ಅಂದರೆ ಮರ ಅಂತ ಸಸಿ ನೆಡಲು ಹೊರಡಬೇಡಿ. ನಿಮ್ಮದು ಬಯಲಿನ ಚಿಟ್ಟೆ. ಕೆನಡಾದ ಆಲ್ಬರ್ಟಾದಲ್ಲಿ ಬೆಟ್ಟದ ಹುಲ್ಲುಗಾವಲಿನ ಅಪೋಲೊ ಚಿಟ್ಟೆಗಳಿಗೆ ಗುರುತು ಹಾಕಿ ನೋಡಿದಾಗ, ಅವುಗಳ ಓಡಾಟಕ್ಕೆ ಬಯಲಿಗಿಂತ ಕಾಡು ಎರಡು ಪಟ್ಟು ಅಡ್ಡಿಯಾಗಿತ್ತು. ನಡುವೆ ಹುಲ್ಲು, ಹೂವು, ಹುಳು ತಿನ್ನುವ ಗಿಡ ಇರಲಿ. ಉದ್ದಕ್ಕೂ ಪಟ್ಟಿ ಸಿಗದಿದ್ದರೆ ಅಲ್ಲಲ್ಲಿ ಹತ್ತಡಿ ಜಾಗ ಸಿಕ್ಕರೂ ಮೆಟ್ಟಿಲಾಗುತ್ತದೆ. ಜೊತೆಗೆ, ಅನುಮತಿ ಪಡೆದು ರೆಕ್ಕೆಯ ಮೇಲೆ ಮಾರ್ಕರ್‌ನಿಂದ ನಂಬರ್ ಬರೆದು ಬಿಡಿ. ಮಧ್ಯದ ತುಂಡಿನದು ಪಕ್ಕದ ತುಂಡಿನಲ್ಲಿ ಒಂದಾದರೂ ಸಿಕ್ಕಿದರೆ ದೊಡ್ಡ ಸುದ್ದಿ. ಪೀಳಿಗೆಗೆ ಒಂದೆರಡು ಚಿಟ್ಟೆ ಬಂದು ನಿಜವಾಗಿ ಮೊಟ್ಟೆಯಿಟ್ಟರೂ ವೈವಿಧ್ಯ ಸೋರುವುದು ಬಹಳಷ್ಟು ತಗ್ಗುತ್ತದೆ. ನೂರಾರು ತಂದು ಸುರಿಯಬೇಕಿಲ್ಲ.

ಹೊರಗಿನ ಹುಳು ತರಲು ನಾನು ಹೆದರುವುದಕ್ಕೆ ಮುಖ್ಯ ಕಾರಣ ವೋಲ್ಬಾಕಿಯ. ಕೀಟಗಳ ಜೀವಕೋಶದೊಳಗೇ ಕೂತು ತಾಯಿಯಿಂದ ಮರಿಗೆ ದಾಟುವ ಬ್ಯಾಕ್ಟೀರಿಯಾ ಇದು, ಹೊರಗಿನ ಹುಳುವಿನ ಜೊತೆ ನಿಮ್ಮಲ್ಲಿಗೂ ಬರಬಹುದು. ಕೆಲವು ಬಗೆಯವು ಗಂಡು ಭ್ರೂಣಗಳನ್ನು ಮೊಟ್ಟೆಯಲ್ಲೇ ಕೊಲ್ಲುತ್ತವೆ. 2001ರಲ್ಲಿ ಸಮೋವಾದ ಗ್ರೇಟ್ ಎಗ್‌ಫ್ಲೈ ಚಿಟ್ಟೆಗಳಲ್ಲಿ ಗಂಡು ಶೇ. 1ರಷ್ಟೇ ಇದ್ದವು. ಕೆಲವೇ ವರ್ಷಗಳಲ್ಲಿ ಅವು ಚೇತರಿಸಿಕೊಂಡವು ಅನ್ನುವುದು ಬೇರೆ ಕಥೆ, ಅಂಥ ಅದೃಷ್ಟ ನಿಮ್ಮ ನೂರು ಚಿಟ್ಟೆಗೆ ಇರುತ್ತದೆ ಅಂತ ಪಂಥ ಕಟ್ಟಲಾರೆ. ನಿಮ್ಮಲ್ಲೇ ಅರ್ಧ ಮೊಟ್ಟೆ ಸಾಯುತ್ತಿರುವುದಕ್ಕೆ ಇದೇ ಕಾರಣವೂ ಆಗಿರಬಹುದು, ಅದಕ್ಕೇ ಹಾರುವವುಗಳಲ್ಲಿ ಗಂಡೆಷ್ಟು ಹೆಣ್ಣೆಷ್ಟು ಅಂತ ಎಣಿಸಿ. ಕಾಲಿನ ಅಥವಾ ಹಿಂರೆಕ್ಕೆಯ ಅಂಚಿನ ಸಣ್ಣ ಚೂರಿನಿಂದ ಡಿಎನ್‌ಎ ಪರೀಕ್ಷೆ ಸಾಧ್ಯ, ಚಿಟ್ಟೆ ಸಾಯುವುದಿಲ್ಲ. ಆದರೆ ಅದು ಪರವಾನಗಿ ಇರುವ ಸಂಶೋಧಕರ ಕೆಲಸ.

ಹೊರಗಿನಿಂದ ತಂದು ಗೆದ್ದದ್ದೂ ಉಂಟು, ಆದರೆ ನೆಲ ಸರಿಮಾಡಿದ ಮೇಲೆ. ಲಾರ್ಜ್ ಬ್ಲೂ ಎಂಬ ಚಿಟ್ಟೆ ಬ್ರಿಟನ್ನಿನಲ್ಲಿ 1979ರಲ್ಲಿ ಅಳಿದಾಗ, ಸ್ವೀಡನ್ನಿನಿಂದ ತಂದು ಮತ್ತೆ ನೆಲೆಗೊಳಿಸಿದರು. ಅದರ ಹುಳು ಒಂದು ಜಾತಿಯ ಕೆಂಪಿರುವೆಯ ಗೂಡಲ್ಲಿ ಬೆಳೆಯುತ್ತದೆ. ಆ ಇರುವೆಗೆ ಬಿಸಿಲು ಬೀಳುವ ಗಿಡ್ಡ ಹುಲ್ಲು ಬೇಕು ಅಂತ ತಿಳಿದು, ದನಕುರಿ ಮೇಯಿಸಿ ನೆಲ ಹದಮಾಡಿದ ಮೇಲೆ ಕೈಗೂಡಿದ ಕೆಲಸ ಅದು.

ಸದ್ಯಕ್ಕೆ ಒಡೆಯದ ಮೊಟ್ಟೆಗಳ ಹತ್ತಿರದ ಫೋಟೋ, ಗಂಡು ಹೆಣ್ಣಿನ ಎಣಿಕೆ, ತುಂಡುಗಳ ನಡುವಿನ ದೂರ, ನೆಲ ತುಂಡಾಗಿ ಎಷ್ಟು ವರ್ಷವಾಯಿತು, ಇಷ್ಟನ್ನು ಹಾಕಿ. ಫೋಟೋದಲ್ಲಿ ಕಣಜದ ತೂತು ಕಂಡರೆ ಮೇಲಿನ ಅರ್ಧ ಮಾತನ್ನು ನಾನೇ ವಾಪಸ್ ತೆಗೆದುಕೊಳ್ಳುತ್ತೇನೆ.