ಓದುಗರ ಪ್ರಶ್ನೆ, ಚಿತ್ರ ಅಂಕಣದ ಉತ್ತರ: ಇಲ್ಲದ ಕಳ್ಳನ ಆರನೆಯ ಬೆರಳು

ಈ ಬಾರಿ ಬಂದ ಪತ್ರಗಳಲ್ಲಿ ಶಿವಮೊಗ್ಗದ ಓದುಗರೊಬ್ಬರ ಪತ್ರ ಉಳಿದೆಲ್ಲವನ್ನೂ ಹಿಂದಿಕ್ಕಿತು. 1967ರಲ್ಲಿ ತೆರೆಕಂಡ ‘ಜ್ಯೂಯಲ್ ಥೀಫ್’ ಎಂಬ ಹಿಂದಿ ಚಿತ್ರವನ್ನು ಮೊದಲ ಬಾರಿಗೆ ನೋಡಿದ ಉತ್ಸಾಹದಲ್ಲಿ ಅವರು ಪುಟಗಟ್ಟಲೆ ಬರೆದಿದ್ದಾರೆ. ಅದೇ ಚಿತ್ರದ ಬಗ್ಗೆ ಬೇರೆ ಊರುಗಳಿಂದ ಬಂದಿದ್ದ ಪ್ರಶ್ನೆಗಳನ್ನೂ ಜೊತೆಗಿಟ್ಟು, ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಇದೊಂದಕ್ಕೇ ಮೀಸಲಿಟ್ಟಿದ್ದೇವೆ. ಉತ್ತರಗಳಲ್ಲಿ ಕಥೆಯ ಗುಟ್ಟು ಬಯಲಾಗುತ್ತದೆ. ಚಿತ್ರವನ್ನು ಇನ್ನು ಮೇಲೆ ನೋಡಬೇಕೆಂದಿರುವವರು ದಯವಿಟ್ಟು ಈ ಪುಟವನ್ನು ಸದ್ಯಕ್ಕೆ ಮಡಚಿಡಬೇಕು.

ಪ್ರಶ್ನೆ (ಶಿವಮೊಗ್ಗ): ಮಾನ್ಯರೇ, ಹಳೆಯ ಹಿಂದಿ ಚಿತ್ರಗಳೆಂದರೆ ಹಾಡು ಕೇಳುವುದಕ್ಕಷ್ಟೇ ಎಂದುಕೊಂಡಿದ್ದ ನನ್ನನ್ನು ನಮ್ಮ ತಂದೆಯವರು ಬಲವಂತವಾಗಿ ಕೂರಿಸಿ ಈ ಚಿತ್ರ ತೋರಿಸಿದರು. ಅಶೋಕ್ ಕುಮಾರ್ ಅವರೇ ಕಳ್ಳ ಎಂದು ಗೊತ್ತಾದಾಗ ನಾನು ಕೂತಲ್ಲಿಂದ ಎದ್ದೇಬಿಟ್ಟೆ. ತಂದೆಯವರು ಅದನ್ನೇ ಕಾಯುತ್ತಿದ್ದವರಂತೆ ನಗುತ್ತಿದ್ದರು. ಮರುದಿನ ಮತ್ತೆ ಮೊದಲಿನಿಂದ ನೋಡಿದೆ. ಸುಳಿವುಗಳೆಲ್ಲ ಕಣ್ಣೆದುರೇ ಇವೆ! ಹಾಗಿದ್ದರೂ ಮೊದಲ ಸಲ ಒಂದಾದರೂ ನನಗೆ ಹೊಳೆಯಲಿಲ್ಲವೇಕೆ? ಇದು ನನ್ನ ದಡ್ಡತನವೋ, ನಿರ್ದೇಶಕರ ಜಾಣತನವೋ?

ಉತ್ತರ: ನಿರ್ದೇಶಕರದೇ, ಅನುಮಾನ ಬೇಡ. ಚಿತ್ರ ನೋಡಿ ಬಹಳ ಕಾಲವಾದವರಿಗಾಗಿ ಕಥೆಯನ್ನು ಎರಡು ಮಾತಿನಲ್ಲಿ ನೆನಪಿಸುತ್ತೇವೆ. ಪೊಲೀಸ್ ಕಮಿಷನರ್ ಮಗನಾದ ವಿನಯ್ (ದೇವ್ ಆನಂದ್) ರತ್ನಪರೀಕ್ಷೆಯಲ್ಲಿ ಎತ್ತಿದ ಕೈ. ಅವನು ಆಭರಣ ವ್ಯಾಪಾರಿಯೊಬ್ಬರ ಬಳಿ ಕೆಲಸಕ್ಕೆ ಸೇರುತ್ತಾನೆ, ವ್ಯಾಪಾರಿಯ ಮಗಳು ಅಂಜು (ತನುಜಾ) ಅವನನ್ನು ಮೆಚ್ಚುತ್ತಾಳೆ. ಅಷ್ಟರಲ್ಲಿ ಎಲ್ಲಿ ಹೋದರೂ ಜನ ಅವನನ್ನು ‘ಅಮರ್’ ಎಂದು ಕರೆಯತೊಡಗುತ್ತಾರೆ. ಶಾಲಿನಿ (ವೈಜಯಂತಿಮಾಲಾ) ಎಂಬಾಕೆ ಅಣ್ಣ ಅರ್ಜುನ್‌ನೊಂದಿಗೆ (ಅಶೋಕ್ ಕುಮಾರ್) ಬಂದು, ತನ್ನನ್ನು ಮದುವೆಯಾಗುವುದಾಗಿ ಮಾತು ಕೊಟ್ಟು ಮಾಯವಾದ ಅಮರ್ ಇವನೇ ಎನ್ನುತ್ತಾಳೆ. ಊರೆಲ್ಲ ಹುಡುಕುತ್ತಿರುವ ಆಭರಣಗಳ್ಳ ಆ ಅಮರ್ ಎಂದು ವಿನಯ್ ನಂಬುತ್ತಾನೆ, ಅವನೊಡನೆ ನಾವೂ ನಂಬುತ್ತೇವೆ. ಕೊನೆಗೆ ತಿಳಿಯುವುದೇನೆಂದರೆ ಅಮರ್ ಎಂಬ ಮನುಷ್ಯ ಹುಟ್ಟಿಯೇ ಇಲ್ಲ. ಪೊಲೀಸರ ದೃಷ್ಟಿಯನ್ನು ಬೇರೆಡೆಗೆ ತಿರುಗಿಸಲು ಅರ್ಜುನ್ ಕಟ್ಟಿದ ಕಥೆ ಅದು.

ನೀವು ಮೋಸಹೋದದ್ದಕ್ಕೆ ಮೊದಲ ಕಾರಣ, ನಮ್ಮ ಚಿತ್ರಗಳೇ ನಮಗೆ ಕಲಿಸಿದ ಒಂದು ಅಭ್ಯಾಸ. ನಾಯಕನನ್ನು ಯಾರೋ ಬೇರೆ ಹೆಸರಿನಿಂದ ಕರೆದರೆಂದರೆ ದ್ವಿಪಾತ್ರ ಬಂತೆಂದು ಭಾರತೀಯ ಪ್ರೇಕ್ಷಕ ತನ್ನಷ್ಟಕ್ಕೆ ತಾನೇ ತೀರ್ಮಾನಿಸಿಬಿಡುತ್ತಾನೆ. ಅದರಲ್ಲೂ ದೇವ್ ಆನಂದ್ 1961ರ ‘ಹಮ್ ದೋನೋ’ದಲ್ಲಿ ಒಂದೇ ಮುಖದ ಇಬ್ಬರು ಸೈನಿಕರಾಗಿ ಅಭಿನಯಿಸಿ ಮೆಚ್ಚುಗೆ ಪಡೆದಿದ್ದವರು. ಹಾಗಾಗಿ ಇನ್ನೊಬ್ಬ ದೇವ್ ಆನಂದ್ ಯಾವಾಗ ಬರುತ್ತಾನೋ ಎಂದು ಕಾಯುತ್ತಾ ಕೂರುವ ನಾವು, ಎರಡು ಮುಖಗಳು ಒಮ್ಮೆಯೂ ಒಟ್ಟಿಗೆ ಕಾಣಿಸಿಕೊಳ್ಳದಿರುವುದನ್ನು ಅನುಮಾನಿಸುವ ಬದಲು ಕುತೂಹಲದಿಂದ ಸಹಿಸಿಕೊಳ್ಳುತ್ತೇವೆ. ಎರಡನೆಯ ಕಾರಣ ಅಶೋಕ್ ಕುಮಾರ್. 1967ರ ಹೊತ್ತಿಗೆ ಅವರು ಚಿತ್ರರಂಗಕ್ಕೆಲ್ಲ ‘ದಾದಾಮುನಿ’, ಅಂದರೆ ಹಿರಿಯಣ್ಣ. ಅಂಥವರು ಪರದೆಯ ಮೇಲೂ ಅಣ್ಣನಾಗಿಯೇ ಬಂದರೆ ಶಂಕಿಸುವವರು ಯಾರು? ಇದೇ ಅಶೋಕ್ ಕುಮಾರ್ 1943ರ ‘ಕಿಸ್ಮತ್’ನಲ್ಲಿ ಜೇಬುಗಳ್ಳನ ಪಾತ್ರ ವಹಿಸಿದ್ದರು, ಆದರೆ ಆ ಕಳ್ಳ ನಾಯಕನಾಗಿದ್ದ.

ಆದರೂ ಇಡೀ ಚಿತ್ರದ ಕೀಲು ಇರುವುದು ಔತಣಕೂಟದ ದೃಶ್ಯದಲ್ಲಿ. ನೆರೆದ ಅತಿಥಿಗಳ ನಡುವೆ ಶಾಲಿನಿ ಮತ್ತು ಅರ್ಜುನ್ ವಿನಯ್‌ನನ್ನು ತಡೆದು ನಿಲ್ಲಿಸುತ್ತಾರೆ. ನೀನು ಅಮರ್ ಅಲ್ಲವಾದರೆ ಬೂಟು ಬಿಚ್ಚಿ ತೋರಿಸು, ಅಮರ್‌ನ ಕಾಲಿಗೆ ಆರು ಬೆರಳುಗಳಿವೆ ಎನ್ನುತ್ತಾರೆ. ಸಂಗೀತ ನಿಂತು, ಎಲ್ಲರ ಕಣ್ಣೂ ಒಂದು ಕಾಲುಚೀಲದ ಮೇಲೆ ನೆಡುತ್ತದೆ. ಕಾಲುಚೀಲ ಕಳಚಿದಾಗ ಕಾಣುವುದು ಐದೇ ಬೆರಳು. ಎಲ್ಲರೂ ನಿಟ್ಟುಸಿರು ಬಿಡುತ್ತಾರೆ, ನಾವೂ ಬಿಡುತ್ತೇವೆ. ಈ ದೃಶ್ಯ ವಿನಯ್‌ನನ್ನು ಆರೋಪದಿಂದ ಬಿಡಿಸಿತೆಂದು ಮೊದಲ ಸಲ ನೋಡಿದವರಿಗೆ ಅನ್ನಿಸುತ್ತದೆ. ಎರಡನೆಯ ಸಲ ನೋಡಿದಾಗ ತಿಳಿಯುತ್ತದೆ, ಅದು ಬಿಡಿಸಿದ್ದು ವಿನಯ್‌ನನ್ನಾದರೆ ಸೃಷ್ಟಿಸಿದ್ದು ಅಮರ್‌ನನ್ನು. ಇವನಲ್ಲವೆಂದು ಸಾಬೀತಾದ ಕ್ಷಣದಲ್ಲೇ ಇವನಂತೆಯೇ ಇರುವ ಇನ್ನೊಬ್ಬ ಇದ್ದಾನೆಂಬುದೂ ಸಾಬೀತಾದಂತಾಯಿತು. ಏಕೆಂದರೆ ಬರಿಯ ಹೆಸರನ್ನು ನಂಬದ ಜನ ಆರನೆಯ ಬೆರಳಿನಂಥ ವಿವರವನ್ನು ನಂಬುತ್ತಾರೆ. ಸುಳ್ಳು ಹೇಳುವವನು ಇಷ್ಟು ಸಣ್ಣ ಅಂಗವಿವರವನ್ನು ಕಲ್ಪಿಸಿಕೊಂಡಾನೆಂದು ಯಾರಿಗೂ ತೋಚುವುದಿಲ್ಲ. ಕೆ. ಎ. ನಾರಾಯಣ್ ಅವರ ಕಥೆಗೆ ಚಿತ್ರಕಥೆ ಬರೆದು ನಿರ್ದೇಶಿಸಿದ ವಿಜಯ್ ಆನಂದ್ ನಮ್ಮೆದುರಿಗೆ ಸಾಕ್ಷ್ಯವನ್ನಿಟ್ಟು ಆ ಸಾಕ್ಷ್ಯದಿಂದಲೇ ನಮ್ಮನ್ನು ದಾರಿ ತಪ್ಪಿಸಿದರು.

ಪ್ರಶ್ನೆ (ಧಾರವಾಡ): ಶಾಲಿನಿಯ ಪ್ರೀತಿ ನಿಜವೋ ನಟನೆಯೋ? ನಟನೆಯೆಂದಾದರೆ ಅಷ್ಟು ಚೆಂದದ ಹಾಡುಗಳೆಲ್ಲ ಸುಳ್ಳಾಗುತ್ತವಲ್ಲ ಎಂಬ ಸಂಕಟ ನಮ್ಮ ಮನೆಯವರದ್ದು. ಅವರು ಲತಾ ಮಂಗೇಶ್ಕರ್ ಅವರ ಪರಮ ಅಭಿಮಾನಿ.

ಉತ್ತರ: ನಿಮ್ಮ ಮನೆಯವರು ನಿಶ್ಚಿಂತೆಯಿಂದ ಇರಬಹುದು. ಈ ಚಿತ್ರ ಪ್ರೇಮಕಥೆಯಾಗಿಯೂ ರೋಚಕಕಥೆಯಾಗಿಯೂ ಏಕಕಾಲಕ್ಕೆ ನಿಲ್ಲುವುದೇ ಹಾಡುಗಳ ಬಲದಿಂದ. ಸಾಮಾನ್ಯವಾಗಿ ಪತ್ತೇದಾರಿ ಚಿತ್ರಗಳಲ್ಲಿ ಹಾಡು ಬಂತೆಂದರೆ ಕಥೆ ನಿಂತಿತೆಂದೇ ಅರ್ಥ. ಇಲ್ಲಿ ಹಾಡು ಬಂತೆಂದರೆ ನಮ್ಮ ಕಣ್ಣಿಗೆ ಇನ್ನೊಂದು ಹಿಡಿ ಮಣ್ಣು ಬಿತ್ತೆಂದು ಅರ್ಥ.

‘ರುಲಾ ಕೇ ಗಯಾ ಸಪನಾ ಮೇರಾ’ ಹಾಡನ್ನೇ ತೆಗೆದುಕೊಳ್ಳಿ. ಕನಸು ನನ್ನನ್ನು ಅಳುವಂತೆ ಮಾಡಿ ಹೋಯಿತು, ಬೆಳಗಾಗುವುದನ್ನೇ ಕಾಯುತ್ತಾ ಕೂತಿದ್ದೇನೆ ಎಂದು ಶಾಲಿನಿ ಹಾಡುವಾಗ, ಕೈಬಿಟ್ಟುಹೋದ ಅಮರ್‌ಗಾಗಿ ಆಕೆ ಕೊರಗುತ್ತಿದ್ದಾಳೆ ಎಂದುಕೊಂಡು ವಿನಯ್ ಕರಗುತ್ತಾನೆ. ಅಮರ್ ಇಲ್ಲವೆಂದ ಮೇಲೆ ಈ ಹಾಡು ಶುದ್ಧ ಬೂಟಾಟಿಕೆಯಾಗಬೇಕಿತ್ತು. ಹಾಗಾಗುವುದಿಲ್ಲ, ಏಕೆಂದರೆ ಆಕೆ ಅರ್ಜುನ್‌ನ ತಂಗಿಯಲ್ಲ, ಅವನ ಹಿಡಿತದಲ್ಲಿರುವವಳು. ತನ್ನ ಎಳೆಯ ತಮ್ಮ ಅವನ ವಶದಲ್ಲಿರುವುದರಿಂದ ಹೇಳಿದಂತೆ ಕುಣಿಯಲೇಬೇಕಾದವಳು. ಎಂದರೆ ದುಃಖ ನಿಜ, ದುಃಖಕ್ಕೆ ಕೊಟ್ಟ ಕಾರಣ ಮಾತ್ರ ಸುಳ್ಳು. ಲತಾ ಅವರ ದನಿಯಲ್ಲಿ ಕಪಟದ ಒಂದೆಳೆಯೂ ಇಲ್ಲದಿರುವುದರಿಂದಲೇ ನಾವು ನಂಬುತ್ತೇವೆ, ನಂಬಿದ್ದರಿಂದಲೇ ಮೋಸಹೋಗುತ್ತೇವೆ, ಗುಟ್ಟು ತಿಳಿದ ಮೇಲೂ ಹಾಡು ಹಾಳಾಗದೆ ಉಳಿಯುತ್ತದೆ. ಈ ಚಿತ್ರದ ಹೆಚ್ಚಿನ ಹಾಡುಗಳನ್ನು ಮಜ್ರೂಹ್ ಸುಲ್ತಾನ್‌ಪುರಿ ಬರೆದರೆ, ಇದೊಂದನ್ನು ಬರೆದವರು ಶೈಲೇಂದ್ರ. 1966ರ ಡಿಸೆಂಬರ್‌ನಲ್ಲಿ ತೀರಿಕೊಂಡ ಅವರು ಚಿತ್ರವನ್ನು ತೆರೆಯ ಮೇಲೆ ನೋಡಲಿಲ್ಲ.

ಇನ್ನು ‘ಹೋಠೋಂ ಪೇ ಐಸೀ ಬಾತ್’. ತುಟಿಯ ಮೇಲೆ ಒಂದು ಮಾತನ್ನು ಅಡಗಿಸಿಟ್ಟುಕೊಂಡು ಬಂದಿದ್ದೇನೆ ಎಂದು ಶಾಲಿನಿ ಅರಮನೆಯ ಉತ್ಸವದಲ್ಲಿ ಎಲ್ಲರೆದುರು ಹಾಡಿ ಕುಣಿಯುತ್ತಾಳೆ. ಅದು ನಿಜವಾಗಿಯೂ ಅಡಗಿಸಿಟ್ಟ ಮಾತೇ. ಜೀವದ ಭಯದಲ್ಲಿರುವ ಹೆಣ್ಣೊಬ್ಬಳು ತನ್ನ ಗುಟ್ಟನ್ನು ಸಭೆಯ ನಡುವೆ ಕೂಗಿ ಹೇಳುತ್ತಿದ್ದರೂ ಸಭಿಕರು ಅದನ್ನು ಶೃಂಗಾರವೆಂದು ತಿಳಿದು ತಲೆದೂಗುತ್ತಾರೆ. ಸಚಿನ್ ದೇವ್ ಬರ್ಮನ್ ಅವರ ತಾಳವಾದ್ಯಗಳು ಏರುತ್ತಾ ಹೋದಂತೆ ಕ್ಯಾಮೆರಾ ವೈಜಯಂತಿಮಾಲಾ ಅವರ ಬೆನ್ನು ಬಿಡದೆ ಸುತ್ತುತ್ತದೆ, ನಡುನಡುವೆ ಭೂಪಿಂದರ್ ಸಿಂಗ್ ಅವರ ದನಿಯಲ್ಲಿ ‘ಓ ಶಾಲೂ’ ಎಂಬ ಕೂಗು ಕೇಳಿಬರುತ್ತದೆ. ಭರತನಾಟ್ಯದಲ್ಲಿ ಪಳಗಿದ ದೇಹವಿಲ್ಲದಿದ್ದರೆ ಅಷ್ಟುದ್ದದ ಚಲನೆಯನ್ನು ಕತ್ತರಿ ಹಾಕದೆ ತೋರಿಸುವ ಧೈರ್ಯ ಯಾವ ನಿರ್ದೇಶಕರಿಗೂ ಬರುತ್ತಿರಲಿಲ್ಲ. ಹಿಂದಿ ಚಿತ್ರರಂಗದ ನೃತ್ಯದೃಶ್ಯಗಳಲ್ಲಿ ಇದಕ್ಕಿಂತ ಮೇಲಿನದು ನಮ್ಮ ಗಮನಕ್ಕೆ ಬಂದಿಲ್ಲ. ಒಪ್ಪದವರು ಪತ್ರ ಬರೆಯಬಹುದು, ನಾವು ಮಾತು ಬದಲಿಸುವುದು ಮಾತ್ರ ಕಷ್ಟ.

ಪ್ರಶ್ನೆ (ಮೈಸೂರು): ಇದು ರೋಚಕಚಿತ್ರಗಳಿಗೆ ಹೆಸರಾದ ಹಾಲಿವುಡ್ ನಿರ್ದೇಶಕ ಹಿಚ್‌ಕಾಕ್ ಅವರಿಂದ ಎತ್ತಿದ ಸರಕೆಂದು ನನ್ನ ಸ್ನೇಹಿತರು ವಾದಿಸುತ್ತಾರೆ. ನಿಜವೇ?

ಉತ್ತರ: ನೆರಳು ಬಿದ್ದಿರುವುದು ನಿಜ. 1955ರ ‘ಟು ಕ್ಯಾಚ್ ಎ ಥೀಫ್’ನಲ್ಲಿ ಆಭರಣಗಳ್ಳನೆಂಬ ಶಂಕೆ ಹೊತ್ತ ನಾಯಕನಿದ್ದಾನೆ, 1959ರ ‘ನಾರ್ತ್ ಬೈ ನಾರ್ತ್‌ವೆಸ್ಟ್’ನಲ್ಲಿ ನಾಯಕನನ್ನು ಅಸ್ತಿತ್ವದಲ್ಲೇ ಇಲ್ಲದ ಗೂಢಚಾರನೊಬ್ಬನೆಂದು ಭಾವಿಸಲಾಗುತ್ತದೆ. ಎರಡನ್ನೂ ವಿಜಯ್ ಆನಂದ್ ಬಲ್ಲವರಾಗಿದ್ದರೆ ಆಶ್ಚರ್ಯವಿಲ್ಲ. ಆದರೆ ಎರಡನೆಯ ಚಿತ್ರದಲ್ಲಿ ಆ ಗೂಢಚಾರ ಇಲ್ಲವೆಂಬುದನ್ನು ಪ್ರೇಕ್ಷಕರಿಗೆ ಸಾಕಷ್ಟು ಮೊದಲೇ ಹೇಳಿಬಿಡುತ್ತಾರೆ. ನಾಯಕನಿಗೆ ಗೊತ್ತಿಲ್ಲದ್ದು ನಮಗೆ ಗೊತ್ತಿದೆ ಎಂಬುದೇ ಅಲ್ಲಿನ ರೋಚಕತೆ. ವಿಜಯ್ ಆನಂದ್ ಅದನ್ನು ಕಡೆಯವರೆಗೆ ಬಿಗಿಹಿಡಿದು, ನಾಯಕನೊಂದಿಗೆ ನಮ್ಮನ್ನೂ ಕತ್ತಲಲ್ಲಿಡುತ್ತಾರೆ. ಎರವಲು ತಂದದ್ದೇ ಆಗಿದ್ದರೂ ಅದನ್ನು ದ್ವಿಪಾತ್ರದ ನಂಬಿಕೆ, ಹಿರಿಯಣ್ಣನ ಮುಖ, ಲತಾ ಅವರ ದನಿ ಎಂಬ ನಮ್ಮದೇ ನೆಲದ ಸಾಮಗ್ರಿಗಳಿಂದ ಕಟ್ಟಿರುವುದರಿಂದ ಕಳ್ಳಮಾಲೆಂದು ಕರೆಯಲು ನಮಗೆ ಮನಸ್ಸಿಲ್ಲ.

ಪ್ರಶ್ನೆ (ಮಂಗಳೂರು): ಎಲ್ಲರೂ ಹೊಗಳುತ್ತಾರೆಂದು ನೋಡಿದೆ. ಚಿತ್ರ ಅತಿಯಾಗಿ ಉದ್ದವಾಯಿತು. ಹೆಲೆನ್ ಮೊದಲಾದ ಸುಂದರಿಯರ ಸಾಲು ಏತಕ್ಕೆ? ಕೊನೆಯಲ್ಲಿ ನಾಯಕನಿಗೆ ವಿದ್ಯುತ್ ಆಘಾತ ಕೊಟ್ಟು ‘ನೀನೇ ಅಮರ್’ ಎಂದು ನಂಬಿಸುವ ಪ್ರಯತ್ನವಂತೂ ನಗೆ ತರಿಸಿತು.

ಉತ್ತರ: ಮೊದಲ ಆಕ್ಷೇಪವನ್ನು ಅರ್ಧ ಒಪ್ಪುತ್ತೇವೆ. ಮಧ್ಯಭಾಗದಲ್ಲಿ ಖಳರ ಅಡ್ಡೆಗಳ ಸುತ್ತಾಟ ಹೆಚ್ಚಾಯಿತು, ಅಂಜುವಿನ ಪಾತ್ರವನ್ನು ಕಥೆ ನಡುನೀರಿನಲ್ಲಿ ಕೈಬಿಟ್ಟಿತು. ಮೀನಿನ ಗಾಳ ಹಿಡಿದು ತನುಜಾ ಅವರ ಕಾರಿಗೆ ಅಡ್ಡಡ್ಡ ನಡೆಯುತ್ತಾ ‘ಯೇ ದಿಲ್ ನ ಹೋತಾ ಬೇಚಾರಾ’ ಹಾಡುವ ದೇವ್ ಆನಂದ್ ಅವರ ಲವಲವಿಕೆ ಆಮೇಲೆ ಆ ಜೋಡಿಗೆ ಮರಳಿ ಸಿಗುವುದೇ ಇಲ್ಲ. ಆದರೆ ಸುಂದರಿಯರ ಸಾಲಿಗೆ ಕೆಲಸವಿದೆ: ಒಬ್ಬೊಬ್ಬಳೂ ವಿನಯ್‌ನನ್ನು ಸಲುಗೆಯಿಂದ ಅಮರ್ ಎಂದು ಕರೆದಷ್ಟೂ ಇಲ್ಲದ ಅಮರ್‌ಗೆ ರಕ್ತಮಾಂಸ ಕೂಡಿಕೊಳ್ಳುತ್ತದೆ. ವಿದ್ಯುತ್ ಆಘಾತದ ಪ್ರಸಂಗ ವಿಜ್ಞಾನಕ್ಕೆ ಒಗ್ಗದು. ಅದರ ಹಿಂದಿನ ಯೋಚನೆಯನ್ನು ಮಾತ್ರ ಗಮನಿಸಬೇಕು. ಇಷ್ಟು ಹೊತ್ತು ಊರನ್ನು ನಂಬಿಸಿದ ಕಥೆಯನ್ನು ಅರ್ಜುನ್ ಈಗ ವಿನಯ್‌ನ ತಲೆಯೊಳಗೇ ತುಂಬಲು ಹೊರಟಿದ್ದಾನೆ, ಹುಟ್ಟದ ಮನುಷ್ಯನಿಗೆ ದೇಹವೊಂದನ್ನು ಹುಡುಕಿಕೊಡುತ್ತಿದ್ದಾನೆ.

ಪ್ರಶ್ನೆ (ಕಲಬುರಗಿ): ಕಥೆ ಕೊನೆಗೆ ಗ್ಯಾಂಗ್‌ಟಾಕ್‌ಗೆ ಏಕೆ ಹೋಗುತ್ತದೆ? ಬರಿಯ ದೃಶ್ಯಸೌಂದರ್ಯಕ್ಕೋ?

ಉತ್ತರ: ಸೌಂದರ್ಯ ಹೇಗೂ ಇದೆ, ಆ ಬೆಟ್ಟಗಳ ನಡುವೆ ರಫಿ ಮತ್ತು ಲತಾ ಅವರ ದನಿಯಲ್ಲಿ ‘ದಿಲ್ ಪುಕಾರೇ’ ಕೇಳುವಾಗ ಮಂಜಿನ ತಂಪು ಮೈಗೆ ತಾಗಿದಂತಾಗುತ್ತದೆ. ಆದರೆ ಗ್ಯಾಂಗ್‌ಟಾಕ್ ಇರುವ ಸಿಕ್ಕಿಂ ಆಗ ಭಾರತದ ರಾಜ್ಯವಾಗಿರಲಿಲ್ಲ ಎಂಬುದನ್ನು ನೆನಪಿಡಬೇಕು. ಭಾರತದ ರಕ್ಷಣೆಯಲ್ಲಿದ್ದ, ಚೋಗ್ಯಾಲ್ ಎಂದು ಕರೆಯಲಾಗುತ್ತಿದ್ದ ಅರಸರ ಸಂಸ್ಥಾನವದು. 22ನೆಯ ರಾಜ್ಯವಾಗಿ ಭಾರತಕ್ಕೆ ಸೇರಿದ್ದು 1975ರಲ್ಲಿ. ಚಿತ್ರ ತೆರೆಕಂಡ ವರ್ಷದ ಸೆಪ್ಟೆಂಬರ್‌ನಲ್ಲೇ ಅಲ್ಲಿನ ನಾಥು ಲಾ ಕಣಿವೆಯಲ್ಲಿ ಭಾರತ ಮತ್ತು ಚೀನಾ ಸೇನೆಗಳ ನಡುವೆ ಕಾದಾಟ ನಡೆದಿತ್ತು. ಹೀಗಾಗಿ ಅಂದಿನ ಪ್ರೇಕ್ಷಕರಿಗೆ ಗ್ಯಾಂಗ್‌ಟಾಕ್ ಎಂದರೆ ಪೊಲೀಸ್ ಕಮಿಷನರ್ ಕೈ ಸುಲಭವಾಗಿ ಚಾಚದ, ಅರಮನೆಯೂ ಗಡಿಯೂ ಇರುವ ಊರು. ರಾಜಾಭರಣವನ್ನೇ ಕದಿಯಹೊರಟ ಕಳ್ಳನಿಗೆ ಅದಕ್ಕಿಂತ ಒಪ್ಪುವ ಜಾಗ ಮುಂಬೈಯಲ್ಲಿ ಸಿಗುತ್ತಿರಲಿಲ್ಲ.

ಪ್ರಶ್ನೆ (ತುಮಕೂರು): ಆ ಕಾಲದಲ್ಲಿ ಕನ್ನಡದಲ್ಲಿ ಇಂಥ ಪ್ರಯತ್ನ ನಡೆಯಲಿಲ್ಲವೇ?

ಉತ್ತರ: ಮರುವರ್ಷವೇ, 1968ರಲ್ಲಿ, ದೊರೈ–ಭಗವಾನ್ ಜೋಡಿ ‘ಜೇಡರ ಬಲೆ’ಯಲ್ಲಿ ರಾಜ್‌ಕುಮಾರ್ ಅವರನ್ನು ಸಿಐಡಿ 999 ಆಗಿ ತೋರಿಸಿತು, ಅದೇ ಪಾತ್ರ ಮುಂದೆಯೂ ಮರಳಿ ಬಂದಿತು. ಆದರೆ ಅವು ಗೂಢಚಾರನ ಸಾಹಸದ ಚಿತ್ರಗಳು. ನಾಯಕಿಯನ್ನು ನಂಬಬೇಕೋ ಬೇಡವೋ ಎಂಬ ಪ್ರಶ್ನೆಯ ಮೇಲೆ ನಿಂತ ಪ್ರೇಮದ ರೋಚಕಚಿತ್ರದ ಜಾಡು ಅವುಗಳದ್ದಲ್ಲ.

ಪ್ರಶ್ನೆ (ಮತ್ತೆ ಶಿವಮೊಗ್ಗ): ಕೊನೆಯದೊಂದು. ಇದರ ಮುಂದುವರಿದ ಭಾಗವಿದೆಯಂತೆ. ನೋಡಲೇ? ಬೇಡವಾದರೆ ಬೇರೆ ಯಾವುದನ್ನು ನೋಡಲಿ?

ಉತ್ತರ: 1996ರಲ್ಲಿ ‘ರಿಟರ್ನ್ ಆಫ್ ಜ್ಯೂಯಲ್ ಥೀಫ್’ ಬಂದಿತು, ದೇವ್ ಆನಂದ್ ಮತ್ತು ಅಶೋಕ್ ಕುಮಾರ್ ಇಬ್ಬರೂ ಇದ್ದಾರೆ, ವಿಜಯ್ ಆನಂದ್ ಅವರ ನಿರ್ದೇಶನವಿಲ್ಲ. ಅದನ್ನು ಬಿಟ್ಟರೂ ನಷ್ಟವಿಲ್ಲ. ಅದರ ಬದಲು ಇದೇ ನಿರ್ದೇಶಕರ 1966ರ ‘ತೀಸ್ರೀ ಮಂಜಿಲ್’ ನೋಡಿ. ಅಲ್ಲಿ ಕೊಲೆಯಿದೆ, ಗಿರಿಧಾಮದ ಹೋಟೆಲಿದೆ, ತಂದೆಯ ನೆರಳಿನಿಂದ ಹೊರಬಂದು ಮಿಂಚುವ ರಾಹುಲ್ ದೇವ್ ಬರ್ಮನ್ ಅವರ ಸಂಗೀತವಿದೆ. ಈ ಬಾರಿ ತಂದೆಯವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವ ಮೊದಲು, ಕೊಲೆಗಾರ ಯಾರೆಂದು ಬಾಯಿ ಬಿಡುವುದಿಲ್ಲವೆಂಬ ಮಾತು ಪಡೆದುಕೊಳ್ಳಿ.