ಪಾಸ್‌ಪೋರ್ಟಿನಲ್ಲಿ 78, ಮನೆಯಲ್ಲಿ 80: ಚೀನೀಯರು ವಯಸ್ಸು ಎಣಿಸುವುದು ಹೇಗೆ?

ನಿಮ್ಮ ಪ್ರಶ್ನೆ ಇದು. ಆಫೀಸಿನ ಚೀನೀ ಗೆಳತಿಯ ಅಜ್ಜಿ ಹುಟ್ಟಿದ್ದು 1947ರ ಜನವರಿ ಮೊದಲ ವಾರದಲ್ಲಿ. ಈ ವರ್ಷ, ಅಂದರೆ 2025ರಲ್ಲಿ, ಅವರಿಗೆ 80 ಅಂತ ಮನೆಯವರು ಊಟ ಇಟ್ಟುಕೊಂಡಿದ್ದಾರೆ. ನೀವು ಲೆಕ್ಕ ಹಾಕಿದರೆ 78 ಬರುತ್ತಿದೆ. ಯಾರ ಲೆಕ್ಕ ತಪ್ಪು? ಇನ್ನೊಂದು, ಇದು ಚೀನೀಯರ 4723ನೇ ವರ್ಷ ಅಂತ ಎಲ್ಲೋ ಓದಿದ್ದೀರಿ, ಅದು ನಿಜವಾ?

ಮೊದಲು ವಯಸ್ಸಿನ ವಿಷಯ. ಯಾರ ಲೆಕ್ಕವೂ ತಪ್ಪಿಲ್ಲ. ಕಾರ್ಡಿನಲ್ಲಿ ಧೈರ್ಯವಾಗಿ 80 ಅಂತಲೇ ಬರೆಯಿರಿ. 78 ಅಂತ ಬರೆದು ತಿದ್ದಲು ಹೋಗಬೇಡಿ.

ಚೀನಾದಲ್ಲಿ ವಯಸ್ಸಿಗೆ ಎರಡು ಲೆಕ್ಕ ಇದೆ. ನಮ್ಮ ಹಾಗೆ ಹುಟ್ಟಿದ ದಿನದಿಂದ ತುಂಬಿದ ವರ್ಷ ಎಣಿಸುವುದು ಝೌಸುಯಿ. ಹಳೆಯ ಲೆಕ್ಕ ಶ್ಯೂಸುಯಿ. ಇದರಲ್ಲಿ ಮಗು ಹುಟ್ಟಿದ ಕೂಡಲೇ ಅದಕ್ಕೆ 1. ಆಮೇಲೆ ಪ್ರತಿ ಚೀನೀ ಹೊಸವರ್ಷಕ್ಕೆ ಒಂದೊಂದು ಸೇರಿಸುತ್ತಾ ಹೋಗುವುದು. ಹುಟ್ಟುಹಬ್ಬ ಯಾವತ್ತು ಅನ್ನುವುದಕ್ಕೆ ಈ ಲೆಕ್ಕದಲ್ಲಿ ಕೆಲಸವೇ ಇಲ್ಲ.

1947ರಲ್ಲಿ ಚೀನೀ ಹೊಸವರ್ಷ ಬಂದದ್ದು ಜನವರಿ 22ಕ್ಕೆ. ಅಜ್ಜಿ ಅದಕ್ಕೂ ಮುಂಚೆ ಹುಟ್ಟಿದ್ದರಿಂದ ಅವರದು ಇನ್ನೂ 1946ರಲ್ಲಿ ಶುರುವಾದ ನಾಯಿಯ ವರ್ಷ (ಚೀನೀ ವರ್ಷಗಳಿಗೆ ಹನ್ನೆರಡು ಪ್ರಾಣಿಗಳ ಹೆಸರು ಸರದಿಯಲ್ಲಿ ಬರುತ್ತದೆ). ಹುಟ್ಟಿದಾಗ 1 ಆಯಿತು. ಜನವರಿ 22ರ ಬೆಳಿಗ್ಗೆ, ಇನ್ನೂ ತೊಟ್ಟಿಲಲ್ಲಿ ಇರುವಾಗಲೇ, 2 ಆಯಿತು. ಹಾಗೇ ಎಣಿಸಿಕೊಂಡು ಬಂದರೆ 2025ರ ಜನವರಿ 29ರ ಹೊಸವರ್ಷಕ್ಕೆ ಸರಿಯಾಗಿ 80. ಹೊಸವರ್ಷದ ಹಿಂದಿನ ದಿನ ಹುಟ್ಟಿದ ಮಗುವಿನ ಕಥೆ ಇನ್ನೂ ಮಜಾ. ಅದು ಮರುದಿನವೇ ಎರಡು ವರ್ಷದ್ದು.

ಇದು ವಿಚಿತ್ರ ಅನ್ನಿಸುವುದು ನಾವು ವಯಸ್ಸನ್ನು ಅಳತೆ ಅಂತ ತಿಳಿದುಕೊಂಡಿರುವುದರಿಂದ. ಎಷ್ಟು ಕಾಲ ಕಳೆಯಿತು ಅಂತ ನಾವು ಕೇಳುತ್ತೇವೆ. ಶ್ಯೂಸುಯಿ ಕೇಳುವುದು ನೀನು ಈಗ ಎಷ್ಟನೇ ವರ್ಷದಲ್ಲಿದ್ದೀಯ ಅಂತ. ಶಾಲೆಯ ಕ್ಲಾಸಿನ ಹಾಗೆ ನೋಡಿ. ಸೇರಿದ ಮೊದಲ ದಿನವೇ ಮಗು ಒಂದನೇ ಕ್ಲಾಸು, ಸೊನ್ನೆ ಕ್ಲಾಸು ಅಂತ ಯಾರೂ ಹೇಳುವುದಿಲ್ಲ. ಜೂನ್ ಬಂದರೆ ಎಲ್ಲರೂ ಒಟ್ಟಿಗೆ ಎರಡನೇ ಕ್ಲಾಸಿಗೆ ಹೋಗುತ್ತಾರೆ. ನಡುವೆ ಬಂದು ಸೇರಿದವನೂ ಹೋಗುತ್ತಾನೆ.

ಹೊಟ್ಟೆಯಲ್ಲಿದ್ದ ಒಂಬತ್ತು ತಿಂಗಳನ್ನು ಸೇರಿಸಿ ಹಾಗೆ ಎಣಿಸುತ್ತಾರೆ ಅಂತ ನಿಮಗೆ ಹಲವರು ಹೇಳುತ್ತಾರೆ. ಚೀನೀಯರೂ ಹೇಳುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಹೊಸವರ್ಷಕ್ಕೆ ಎಲ್ಲರಿಗೂ ಒಂದೇ ದಿನ ಯಾಕೆ ಒಂದು ಜಾಸ್ತಿ ಆಗಬೇಕು ಅನ್ನುವುದಕ್ಕೆ ಅದರಲ್ಲಿ ಉತ್ತರವಿಲ್ಲ. ನನಗೆ ಅದು ಆಮೇಲೆ ಹೊಂದಿಸಿದ ಕಾರಣ ಅನ್ನಿಸುತ್ತದೆ. ನಿಜವಾಗಿ ಗರ್ಭದಿಂದ ಎಣಿಸುವ ಪದ್ಧತಿ ಬೇಕಾದರೆ ನಮ್ಮಲ್ಲೇ ಇದೆ. ಗರ್ಭಾಷ್ಟಮದಲ್ಲಿ ಉಪನಯನ ಅನ್ನುತ್ತಾರಲ್ಲ, ಆ ಎಂಟು ವರ್ಷ ಎಣಿಸುವುದು ಗರ್ಭ ನಿಂತ ದಿನದಿಂದ.

ನಾನು ಕೆಲವು ವರ್ಷ ಸಿಂಗಾಪುರದಲ್ಲಿ ಕೆಲಸ ಮಾಡಿದ್ದೆ. ಅಲ್ಲಿನ ಚೀನೀ ಹೊಸವರ್ಷದ ಆಚರಣೆಗಳನ್ನು ನೋಡಿದರೆ ಈ ಲೆಕ್ಕ ತಾನಾಗಿ ಅರ್ಥವಾಗುತ್ತದೆ. ಹಬ್ಬದ ಏಳನೇ ದಿನವನ್ನು 'ಮನುಷ್ಯರ ದಿನ' ಅನ್ನುತ್ತಾರೆ, ಅವತ್ತು ಎಲ್ಲರ ಹುಟ್ಟುಹಬ್ಬ. ಆ ದಿನಗಳಲ್ಲಿ ಆಫೀಸಿನಲ್ಲಿ ದೊಡ್ಡ ತಟ್ಟೆಯಲ್ಲಿ ಹಸಿ ಮೀನು, ತುರಿದ ತರಕಾರಿ ಇಟ್ಟು, ಎಲ್ಲರೂ ಸುತ್ತ ನಿಂತು ಕಡ್ಡಿಗಳಿಂದ ಮೇಲಕ್ಕೆ ಎತ್ತಿ ಎತ್ತಿ ಕಲಸುತ್ತಾರೆ. (ನನ್ನಂಥ ಪುಳಿಚಾರಿನವರಿಗೆ ಮೀನಿಲ್ಲದ ಬೇರೆ ತಟ್ಟೆ.) ಮಕ್ಕಳಿಗೆ ಕೆಂಪು ಲಕೋಟೆಯಲ್ಲಿ ಕೊಡುವ ದುಡ್ಡಿಗೂ ಮಗುವಿಗೆ ಒಂದು ವರ್ಷ ಕೂಡುವುದಕ್ಕೂ ಸಂಬಂಧವಿದೆ. ಅದರ ಹಳೆಯ ಹೆಸರು ಯಾಸುಯಿಚಿಯೆನ್. ಅದರಲ್ಲಿರುವ 'ಸುಯಿ' ವಯಸ್ಸಿನ ಲೆಕ್ಕದಲ್ಲಿರುವ ಅದೇ ಸುಯಿ.

ಇವತ್ತು ಚೀನಾದ ಸರ್ಕಾರಿ ಕೆಲಸಕ್ಕೆಲ್ಲ ತುಂಬಿದ ವಯಸ್ಸೇ. ಮದುವೆಗೆ ಗಂಡಿಗೆ 22, ಹೆಣ್ಣಿಗೆ 20 ತುಂಬಿರಬೇಕು. ಅಲ್ಲಿ ಶ್ಯೂಸುಯಿ ನಡೆಯುವುದಿಲ್ಲ. ಶ್ಯೂಸುಯಿ ಉಳಿದಿರುವುದು ಅಜ್ಜ ಅಜ್ಜಿಯರ ಮಾತಿನಲ್ಲಿ, ಜಾತಕ ನೋಡುವವರಲ್ಲಿ, ದೊಡ್ಡ ಹುಟ್ಟುಹಬ್ಬಗಳಲ್ಲಿ, ಸಾವಿನಲ್ಲಿ. ಕೆಲವು ಕಡೆ ಗಂಡಸರ 70ರ ಹಬ್ಬವನ್ನು 69 ತುಂಬಿದಾಗಲೇ ಮಾಡಿಬಿಡುತ್ತಾರೆ. ವಯಸ್ಸಾದವರಿಗೆ 73 ಮತ್ತು 84 ಗಂಡಾಂತರದ ವರ್ಷಗಳು ಅನ್ನುವ ನಂಬಿಕೆಯೂ ಇದೆ. ಕನ್‌ಫ್ಯೂಷಿಯಸ್ ಹೋದದ್ದು 73ಕ್ಕೆ, ಆಮೇಲೆ ಬಂದ ಇನ್ನೊಬ್ಬ ತತ್ವಜ್ಞಾನಿ ಮೆನ್ಶಿಯಸ್ 84ಕ್ಕೆ ಅಂತ ಅದಕ್ಕೆ ಕಾರಣ ಕೊಡುತ್ತಾರೆ. ಕನ್‌ಫ್ಯೂಷಿಯಸ್ ಹುಟ್ಟಿದ್ದು ಕ್ರಿ.ಪೂ. 551, ತೀರಿಕೊಂಡದ್ದು 479. ಕಳೆದು ನೋಡಿ, 72 ಬರುತ್ತದೆ. ಆ 73 ಬಂದದ್ದು ಶ್ಯೂಸುಯಿಯಿಂದ.

ಮಲೇಷ್ಯಾ, ಹಾಂಗ್‌ಕಾಂಗ್ ಕಡೆಯ ಕೆಲವು ಚೀನೀ ಕುಟುಂಬಗಳು ಇನ್ನೂ ಮುಂದೆ ಹೋಗುತ್ತವೆ. ತೀರಿಕೊಂಡವರ ವಯಸ್ಸಿಗೆ ಮೂರು ವರ್ಷ ಕೂಡಿಸಿ ಬರೆಸುತ್ತಾರೆ. ಆಕಾಶಕ್ಕೊಂದು, ಭೂಮಿಗೊಂದು, ಮನುಷ್ಯನಿಗೊಂದು. ಪತ್ರಿಕೆಯ ನಿಧನ ಸುದ್ದಿಯಲ್ಲಿ ಹುಟ್ಟಿದ ವರ್ಷಕ್ಕೂ ವಯಸ್ಸಿಗೂ ತಾಳೆಯಾಗದಿದ್ದರೆ ಅಚ್ಚಿನ ತಪ್ಪು ಅಂದುಕೊಳ್ಳಬೇಡಿ.

ಈ ಲೆಕ್ಕ ಚೀನಾದಿಂದ ಅಕ್ಕಪಕ್ಕಕ್ಕೂ ಹೋಗಿತ್ತು. ಜಪಾನ್ 1902ರಲ್ಲಿ ಕಾನೂನು ತಂದರೂ ಜನ ಬಿಡಲಿಲ್ಲ, 1950ರಲ್ಲಿ ಮತ್ತೊಂದು ಕಾನೂನು ಬೇಕಾಯಿತು. ದಕ್ಷಿಣ ಕೊರಿಯಾ ಅಧಿಕೃತವಾಗಿ ಕೈಬಿಟ್ಟದ್ದು ಮೊನ್ನೆ ಮೊನ್ನೆ, 2023ರ ಜೂನ್‌ನಲ್ಲಿ. ಅಲ್ಲಿ ಜನವರಿ 1ಕ್ಕೇ ಎಲ್ಲರಿಗೂ ಒಂದು ವರ್ಷ ಕೂಡುತ್ತಿತ್ತು.

ಇನ್ನು ವರ್ಷದ ಕಡೆ ಬರೋಣ. ಚೀನೀ ಪಂಚಾಂಗವನ್ನು ಸುಮ್ನೆ 'ಚಾಂದ್ರಮಾನ' ಅಂದುಬಿಡುತ್ತಾರೆ. ಅದು ನಮ್ಮದರ ಹಾಗೇ ಚಂದ್ರ ಸೂರ್ಯ ಇಬ್ಬರನ್ನೂ ಹಿಡಿದುಕೊಂಡಿದೆ. ತಿಂಗಳು ಶುರುವಾಗುವುದು ಅಮಾವಾಸ್ಯೆಯ ದಿನ. ಹನ್ನೆರಡು ತಿಂಗಳಿಗೆ ಸುಮಾರು 354 ದಿನ, ಸೂರ್ಯನಿಗಿಂತ 11 ದಿನ ಕಡಿಮೆ. ಅದನ್ನು ಸರಿದೂಗಿಸಲು 19 ವರ್ಷಕ್ಕೆ 7 ಅಧಿಕಮಾಸ. ನಿಯಮವೂ ನಮಗೆ ಗೊತ್ತಿರುವಂಥದ್ದೇ. ಸಂಕ್ರಾಂತಿ ಬೀಳದ ತಿಂಗಳು ನಮ್ಮಲ್ಲಿ ಅಧಿಕ. ಅವರಲ್ಲೂ ಸೂರ್ಯನ ದಾರಿಯ ಹನ್ನೆರಡು ಮುಖ್ಯ ಬಿಂದುಗಳಲ್ಲಿ ಒಂದೂ ಬೀಳದ ತಿಂಗಳು ಅಧಿಕವಾಗುತ್ತದೆ.

ಹಾಗಾದರೆ ಇಬ್ಬರಿಗೂ ಒಂದೇ ಸಲ ಅಧಿಕಮಾಸ ಬರಬೇಕಲ್ವಾ? ಬರುವುದಿಲ್ಲ. ನಾವು ಸಂಕ್ರಾಂತಿಯನ್ನು ನಕ್ಷತ್ರಗಳ ಹಿನ್ನೆಲೆಯಲ್ಲಿ ಗುರುತಿಸುತ್ತೇವೆ, ಅವರು ಹಗಲು ರಾತ್ರಿ ಸಮವಾಗುವ ದಿನದಿಂದ ಎಣಿಸುತ್ತಾರೆ. ಈ ಎರಡರ ನಡುವೆ ಈಗ ಸುಮಾರು 24 ಡಿಗ್ರಿ ವ್ಯತ್ಯಾಸ ಇದೆ. 2023ರಲ್ಲಿ ನಮಗೆ ಅಧಿಕ ಶ್ರಾವಣ ಜುಲೈನಲ್ಲಿ ಶುರುವಾಯಿತು. ಅವರ ಅಧಿಕ ಎರಡನೇ ತಿಂಗಳು ಶುರುವಾದದ್ದು ಮಾರ್ಚ್ 22ಕ್ಕೆ, ನಮ್ಮ ಯುಗಾದಿಯ ದಿನವೇ. ಇನ್ನೊಂದು ಸಣ್ಣ ವ್ಯತ್ಯಾಸ ಇದೆ. ನಮ್ಮಲ್ಲಿ ಅಧಿಕ ಮೊದಲು, ನಿಜ ಆಮೇಲೆ. ಅವರಲ್ಲಿ ನಿಜ ಮೊದಲು, ಅಧಿಕ ಆಮೇಲೆ. 2025ರಲ್ಲಿ ಅವರಿಗೆ ಆರನೇ ತಿಂಗಳು ಎರಡು ಸಲ. ಅದಕ್ಕೇ ಆ ಚೀನೀ ವರ್ಷ 384 ದಿನಗಳದ್ದು, 2026ರ ಫೆಬ್ರವರಿ 16ರವರೆಗೆ.

ಹೊಸವರ್ಷ ಜನವರಿ 21ರಿಂದ ಫೆಬ್ರವರಿ 20ರ ನಡುವೆ ಯಾವತ್ತಾದರೂ ಬರಬಹುದು. ಆದರೆ ವಸಂತದ ಆರಂಭ ಅನ್ನುವ ಲೀಚುನ್ ಸೂರ್ಯನ ಲೆಕ್ಕ, ಅದು ಹೆಚ್ಚುಕಡಿಮೆ ಫೆಬ್ರವರಿ 4ಕ್ಕೇ. ಹಾಗಾಗಿ ಕೆಲವು ವರ್ಷಗಳಲ್ಲಿ ಲೀಚುನ್ ಬರುವುದೇ ಇಲ್ಲ, ಕೆಲವುದರಲ್ಲಿ ಎರಡು ಸಲ ಬರುತ್ತದೆ. 2024ರ ಡ್ರ್ಯಾಗನ್ ವರ್ಷದಲ್ಲಿ ಒಂದೂ ಇರಲಿಲ್ಲ. ಅಂಥದ್ದನ್ನು 'ವಿಧವೆ ವರ್ಷ' ಅಂತ ಕರೆದು ಮದುವೆಗೆ ಹೆದರುವವರಿದ್ದಾರೆ. 2025ರ ಹಾವಿನ ವರ್ಷದಲ್ಲಿ ಎರಡಿವೆ, ಅದು ಮದುವೆಗೆ ಶುಭವಂತೆ. ಜಾತಕ ನೋಡುವವರಲ್ಲಿ ಹಲವರು ಪ್ರಾಣಿ ಬದಲಾಗುವುದೇ ಲೀಚುನ್‌ಗೆ ಅನ್ನುತ್ತಾರೆ, ಹೊಸವರ್ಷಕ್ಕಲ್ಲ.

ವರ್ಷದ ಹೆಸರಿಗೂ ನಮ್ಮಂತೆ 60ರ ಚಕ್ರ. ಹತ್ತು ಹೆಸರುಗಳ ಒಂದು ಸಾಲು, ಹನ್ನೆರಡು ಹೆಸರುಗಳ ಒಂದು ಸಾಲು, ಎರಡೂ ಒಟ್ಟಿಗೆ ಒಂದೊಂದು ಹೆಜ್ಜೆ ಮುಂದೆ ಹೋಗುತ್ತವೆ. 60 ವರ್ಷಕ್ಕೆ ಮೊದಲ ಜೋಡಿ ಮತ್ತೆ ಬರುತ್ತದೆ. ಹನ್ನೆರಡು ಪ್ರಾಣಿಗಳು ಈ ಎರಡನೇ ಸಾಲಿನವು. ಅವರ ಈಗಿನ ಚಕ್ರ ಶುರುವಾದದ್ದು 1984ರಲ್ಲಿ. ನಮ್ಮ ಪ್ರಭವ 1987ರಲ್ಲಿ. ನಾವು ಷಷ್ಟ್ಯಬ್ದಿ ಮಾಡುವುದು 60 ತುಂಬಿ ಹುಟ್ಟಿದ ಸಂವತ್ಸರ ಮತ್ತೆ ಬಂದಾಗ. ಶ್ಯೂಸುಯಿ ಲೆಕ್ಕದಲ್ಲಿ ಆ ವರ್ಷಕ್ಕೆ ವಯಸ್ಸು 61.

ಚೀನೀ ಇತಿಹಾಸದ ಎಷ್ಟೋ ಘಟನೆಗಳಿಗೆ ಈ ವರ್ಷಗಳದೇ ಹೆಸರು. ಚಕ್ರಾಧಿಪತ್ಯವನ್ನು ಉರುಳಿಸಿದ 1911ರ ಕ್ರಾಂತಿ ಅವರಿಗೆ ಶಿನ್‌ಹಾಯ್ ಕ್ರಾಂತಿ. ಆದರೆ ಶಿನ್‌ಹಾಯ್ ಅಂದರೆ ಯಾವ ಶಿನ್‌ಹಾಯ್? ಗೊಂದಲ ತಪ್ಪಿಸಲು ಜೊತೆಗೆ ರಾಜನ ಆಳ್ವಿಕೆಯ ವರ್ಷ ಹೇಳುತ್ತಿದ್ದರು. ಅದೂ ಹೊಸವರ್ಷಕ್ಕೇ ಬದಲಾಗುವುದು. ಕಾಂಗ್‌ಶಿ ಪಟ್ಟಕ್ಕೆ ಬಂದದ್ದು 1661ರಲ್ಲಿ, ಆದರೆ 'ಕಾಂಗ್‌ಶಿ 1' ಅಂತ ಎಣಿಸಿದ್ದು ಮುಂದಿನ ಹೊಸವರ್ಷದಿಂದ, 1662. ಕೊನೆಗೆ ಅವನದು 61ನೇ ವರ್ಷದವರೆಗೂ ಹೋಯಿತು. ಹಾಗಾಗಿ ಒಬ್ಬನೇ ರಾಜನ ಮೊದಲ ವರ್ಷಕ್ಕೂ ಕೊನೆಯ ವರ್ಷಕ್ಕೂ ಒಂದೇ ಹೆಸರು!

ಈಗ ನಿಮ್ಮ 4723. ಇದನ್ನು ತಲೆಗೆ ಹಚ್ಚಿಕೊಳ್ಳಬೇಡಿ. ರಾಜರ ಕಾಲದ ಚೀನಾದಲ್ಲಿ ನಮ್ಮ ಶಕ ವರ್ಷದ ಹಾಗೆ ಒಂದೇ ಸಮನೆ ಏರುತ್ತಾ ಹೋಗುವ ಸಂಖ್ಯೆ ಬಳಕೆಯಲ್ಲಿ ಇರಲಿಲ್ಲ. ಪುರಾಣದ ಹಳದಿ ಚಕ್ರವರ್ತಿಯಿಂದ ಎಣಿಸುವುದು ಬಲವಾದದ್ದು ಇಪ್ಪತ್ತನೇ ಶತಮಾನದ ಶುರುವಿನಲ್ಲಿ. ಚೀನಾದ ಕೊನೆಯ ರಾಜವಂಶವಾದ ಚಿಂಗ್ ರಾಜರನ್ನು ಒಪ್ಪದ ಕ್ರಾಂತಿಕಾರಿಗಳಿಗೆ ಆ ರಾಜರ ಹೆಸರಿನ ವರ್ಷ ಬರೆಯಲು ಮನಸ್ಸಿರಲಿಲ್ಲ. 1912ರ ಜನವರಿ 1ಕ್ಕೆ ತಾತ್ಕಾಲಿಕ ಅಧ್ಯಕ್ಷರಾಗಿ ಅಧಿಕಾರ ವಹಿಸಿಕೊಂಡ ಸನ್ ಯಾತ್-ಸೆನ್ ಆ ದಿನವನ್ನು 4609ನೇ ವರ್ಷದ ಹನ್ನೊಂದನೇ ತಿಂಗಳ 13 ಅಂತ ಗುರುತಿಸಿ, ಅಲ್ಲಿಂದಲೇ ಹೊಸ ಗಣರಾಜ್ಯದ ಮೊದಲ ವರ್ಷ ಶುರು ಮಾಡಿದರು. ಆ 4609ರಿಂದ ಎಣಿಸಿದರೆ 2025 ಅಂದರೆ 4723. ಬೇರೆ ಆರಂಭ ಹಿಡಿದವರು 4722 ಅನ್ನುತ್ತಾರೆ. ಚೀನಾದ ಒಳಗೆ ದಿನನಿತ್ಯ ಇದನ್ನು ಬಳಸುವವರಿಲ್ಲ. ಹೊರದೇಶದ ವೆಬ್‌ಸೈಟುಗಳಿಗೇ ಇದರ ಮೇಲೆ ಪ್ರೀತಿ ಜಾಸ್ತಿ. ಆ ಗಣರಾಜ್ಯದ ವರ್ಷವಾದರೆ ತೈವಾನಿನಲ್ಲಿ ಇನ್ನೂ ಚಾಲ್ತಿಯಲ್ಲಿದೆ. ಅಲ್ಲಿನ ಸರ್ಕಾರಿ ಕಾಗದದಲ್ಲಿ 2025 ಅಂದರೆ 114.

ಕೊನೆಯದಾಗಿ ಒಂದು ಉಪಯೋಗದ ಮಾತು. ಚೀನೀ ಹಿರಿಯರ ವಯಸ್ಸು ತಿಳಿಯಬೇಕಾದರೆ ನಿಮ್ಮ ಪ್ರಾಣಿ ಯಾವುದು ಅಂತ ಕೇಳಿ. ಅವರಲ್ಲೂ ಹಾಗೇ ಕೇಳುವುದು ರೂಢಿ. ಕುದುರೆ ಅಂದರೆ 1942, 1954, 1966, ಇವುಗಳಲ್ಲಿ ಒಂದು. ಮುಖ ನೋಡಿದರೆ ಯಾವುದು ಅಂತ ಗೊತ್ತಾಗುತ್ತದೆ. ಆದರೆ ಹುಟ್ಟಿದ್ದು ಜನವರಿ ಅಥವಾ ಫೆಬ್ರವರಿ ಆಗಿದ್ದರೆ ಆ ವರ್ಷದ ಹೊಸವರ್ಷ ಯಾವ ತಾರೀಖಿಗೆ ಬಿದ್ದಿತ್ತು ಅಂತ ನೋಡಿಕೊಳ್ಳಿ. ಹೋಟೆಲ್ ಮೇಜಿನ ಹಾಳೆಯಲ್ಲಿ ಬರೀ ಇಸವಿ ಹಾಕಿರುತ್ತಾರೆ. ಅದನ್ನು ನಂಬಿದರೆ ನಿಮ್ಮ ಗೆಳತಿಯ ಅಜ್ಜಿ ಹಂದಿಯ ವರ್ಷದವರಾಗಿಬಿಡುತ್ತಾರೆ.